ಬಳ್ಳಾರಿ 2018: ಗೆದ್ದದ್ದು ವಿರೋಧ ಪಕ್ಷವೋ, ಆಡಳಿತ ಪಕ್ಷವೋ?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಉಪಚುನಾವಣೆ ಬೇರೆ, ಮರುಮತದಾನ ಬೇರೆ. ಮತಗಟ್ಟೆಯಲ್ಲಿ ಗಲಾಟೆಯಾಗಿ ಮತ್ತೆ ಓಟು ಹಾಕಿಸಿದರೆ ಅದು ಮರುಮತದಾನ. ಗೆದ್ದವರು ಅವಧಿ ಮುಗಿಯುವ ಮೊದಲೇ ರಾಜೀನಾಮೆ ಕೊಟ್ಟರೆ, ತೀರಿಕೊಂಡರೆ ಅಥವಾ ಅನರ್ಹರಾದರೆ, ಆ ಖಾಲಿ ಸ್ಥಾನಕ್ಕೆ ನಡೆಯುವುದು ಉಪಚುನಾವಣೆ. ಇದರಲ್ಲಿ ಗೆದ್ದವರಿಗೆ ಹೊಸದಾಗಿ 5 ವರ್ಷ ಸಿಗುವುದಿಲ್ಲ, ಉಳಿದಷ್ಟು ಅವಧಿ ಮಾತ್ರ.

ಉದಾಹರಣೆಗೆ ಬಳ್ಳಾರಿ ಲೋಕಸಭಾ ಕ್ಷೇತ್ರದ 2018ರ ಉಪಚುನಾವಣೆಯನ್ನೇ ತೆಗೆದುಕೊಂಡಿದ್ದೇನೆ. 2014ರಲ್ಲಿ ಇಲ್ಲಿ ಬಿಜೆಪಿಯ ಬಿ. ಶ್ರೀರಾಮುಲು ಲೋಕಸಭೆಗೆ ಗೆದ್ದಿದ್ದರು. 2018ರ ಮೇ ತಿಂಗಳಲ್ಲಿ ಅವರು ಮೊಳಕಾಲ್ಮೂರಿನಿಂದ ವಿಧಾನಸಭೆಗೂ ಗೆದ್ದರು. ಎರಡೂ ಕಡೆ ಸದಸ್ಯರಾಗಿ ಇರುವಂತಿಲ್ಲ. 14 ದಿನದೊಳಗೆ ವಿಧಾನಸಭೆ ಸ್ಥಾನ ಬಿಡದಿದ್ದರೆ ಸಂಸತ್ತಿನ ಸ್ಥಾನ ತಾನಾಗಿಯೇ ಹೋಗುತ್ತದೆ. ಅವರು ಲೋಕಸಭೆ ಬಿಟ್ಟರು. ಶಿವಮೊಗ್ಗದಲ್ಲಿ ಯಡಿಯೂರಪ್ಪ, ಮಂಡ್ಯದಲ್ಲಿ ಪುಟ್ಟರಾಜು ಅವರೂ ಹಾಗೇ ಮಾಡಿದರು.

ಇನ್ನು ಗಡುವಿನ ವಿಷಯ. ಪ್ರಜಾಪ್ರತಿನಿಧಿ ಕಾಯ್ದೆ 1951ರ 151ಎ ಸೆಕ್ಷನ್ ಪ್ರಕಾರ ಸ್ಥಾನ ಖಾಲಿಯಾದ 6 ತಿಂಗಳೊಳಗೆ ಚುನಾವಣೆ ಆಗಬೇಕು. ಆದರೆ ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ ಬೇಕಿಲ್ಲ. ಆ ಲೋಕಸಭೆಯ ಅವಧಿ 2019ರ ಜೂನ್ 3ಕ್ಕೆ ಮುಗಿಯಬೇಕಿತ್ತು. ನಮ್ಮ ಮೂರು ಸ್ಥಾನಗಳು ಮೇ ತಿಂಗಳಲ್ಲೇ ಖಾಲಿಯಾದವು. ಲೆಕ್ಕ ಹಾಕಿ: ಒಂದು ವರ್ಷದ ಮೇಲೆ ಕೆಲವೇ ದಿನ ಜಾಸ್ತಿ! ಆಂಧ್ರದ ಐವರು ಸಂಸದರ ರಾಜೀನಾಮೆ ಜೂನ್‌ನಲ್ಲಿ ಅಂಗೀಕಾರವಾಯಿತು, ಅಲ್ಲಿ ಉಪಚುನಾವಣೆಯೇ ನಡೆಯಲಿಲ್ಲ. ಒಂದು ತಿಂಗಳ ಅಂತರ ಇಷ್ಟೆಲ್ಲ ಮಾಡುತ್ತದೆ. ಪರೀಕ್ಷೆಯಲ್ಲಿ ಕೇಳಲು ಹೇಳಿ ಮಾಡಿಸಿದಂತಹ ಪ್ರಶ್ನೆ ಇದು, ಅಲ್ವಾ?

ನವೆಂಬರ್ 3ಕ್ಕೆ ಮತದಾನ, 6ಕ್ಕೆ ಎಣಿಕೆ. ಕಾಂಗ್ರೆಸ್‌ನ ವಿ.ಎಸ್. ಉಗ್ರಪ್ಪ 6,28,365 ಮತ ಪಡೆದರು. ಬಿಜೆಪಿಯಿಂದ ನಿಂತವರು ಶ್ರೀರಾಮುಲು ಅವರ ತಂಗಿ, ಹಿಂದೆ ಇಲ್ಲಿನ ಸಂಸದೆಯೂ ಆಗಿದ್ದ ಜೆ. ಶಾಂತಾ. ಅವರಿಗೆ ಬಿದ್ದದ್ದು 3,85,204. ಅಂತರ 2,43,161. 2014ರಲ್ಲಿ ಬಿಜೆಪಿ ಇಲ್ಲಿ 85,144 ಮತಗಳಿಂದ ಗೆದ್ದಿತ್ತು. ಬಿಜೆಪಿ ಸುಮಾರು ಒಂದೂವರೆ ಲಕ್ಷ ಮತ ಕಳೆದುಕೊಂಡಿತು, ಕಾಂಗ್ರೆಸ್ ಸುಮಾರು 1.8 ಲಕ್ಷ ಹೆಚ್ಚು ಪಡೆಯಿತು. 2004ರಿಂದ ಬಿಜೆಪಿ ಬಿಟ್ಟುಕೊಡದ ಕ್ಷೇತ್ರ ಇದು. ಅದಕ್ಕೂ ಮೊದಲು ಕಾಂಗ್ರೆಸ್ ಕೋಟೆ. 1999ರಲ್ಲಿ ಸೋನಿಯಾ ಗಾಂಧಿ ಸುಷ್ಮಾ ಸ್ವರಾಜ್ ಅವರನ್ನು ಸೋಲಿಸಿದ್ದು ಇಲ್ಲೇ.

'ಆಡಳಿತ ಪಕ್ಷದ ಸ್ಥಾನವನ್ನು ವಿರೋಧ ಪಕ್ಷ ಕಿತ್ತುಕೊಂಡಿತು' ಎಂದು ಬರೆದು ಮುಗಿಸಿಬಿಡಬಹುದು. ದೆಹಲಿಯಿಂದ ನೋಡಿದರೆ ಅದು ಸರಿ, ಕೇಂದ್ರದಲ್ಲಿ ಆಗ ಬಿಜೆಪಿ ಆಡಳಿತವಿತ್ತು. ಬೆಂಗಳೂರಿನಿಂದ ನೋಡಿ: ವಿಧಾನಸೌಧದಲ್ಲಿ ಇದ್ದದ್ದು ಕಾಂಗ್ರೆಸ್–ಜೆಡಿಎಸ್ ಮೈತ್ರಿ ಸರ್ಕಾರ. ಉಗ್ರಪ್ಪ ಅವರ ಬೆನ್ನಿಗೆ ಮಂತ್ರಿಗಳೇ ನಿಂತಿದ್ದರು. ಚುನಾವಣೆಯ ಹೊಣೆ ಹೊತ್ತವರು ಡಿ.ಕೆ. ಶಿವಕುಮಾರ್. ಅಂದಮೇಲೆ ಇದನ್ನು ಸುಮ್ನೆ 'ಆಡಳಿತ ವಿರೋಧಿ ಅಲೆ' ಎಂದು ಕರೆದರೆ ಯಾವ ಆಡಳಿತದ ವಿರುದ್ಧ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಅದೇ ವರ್ಷ ಮಾರ್ಚ್‌ನಲ್ಲಿ ಗೋರಖ್‌ಪುರದಲ್ಲಿ ಸಮಾಜವಾದಿ ಪಕ್ಷ ಗೆದ್ದಾಗ ಆ ಗೊಂದಲ ಇರಲಿಲ್ಲ. ಕೇಂದ್ರ, ರಾಜ್ಯ ಎರಡೂ ಕಡೆ ಬಿಜೆಪಿಯೇ ಇತ್ತು. ಅದೂ ಮುಖ್ಯಮಂತ್ರಿ ಯೋಗಿ ಆದಿತ್ಯನಾಥ್ ಬಿಟ್ಟ ಸ್ಥಾನ.

ಬಳ್ಳಾರಿಯ ಗಾಳಿ ಬದಲಾದದ್ದು ನವೆಂಬರ್‌ನಲ್ಲಿ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಈ ಕ್ಷೇತ್ರದ ಕೆಳಗೆ 8 ವಿಧಾನಸಭಾ ಕ್ಷೇತ್ರಗಳಿವೆ. ಮೇ ತಿಂಗಳಲ್ಲೇ ಕಾಂಗ್ರೆಸ್ ಅದರಲ್ಲಿ 6 ಗೆದ್ದಿತ್ತು. ಬಿಜೆಪಿಗೆ ಸಿಕ್ಕಿದ್ದು ಬಳ್ಳಾರಿ ನಗರ ಮತ್ತು ಕೂಡ್ಲಿಗಿ ಮಾತ್ರ. ಹಾಗಾಗಿ ಲೋಕಸಭೆ ಫಲಿತಾಂಶವನ್ನು ಹಿಂದಿನ ಲೋಕಸಭೆಯ ಜೊತೆ ಮಾತ್ರ ಹೋಲಿಸಬೇಡಿ. ನಡುವೆ ನಡೆದ ವಿಧಾನಸಭೆ ಚುನಾವಣೆಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.

ಮೈತ್ರಿಯಿಂದಲೇ ಗೆದ್ದರು ಅನ್ನೋಣವೇ? ಅದಕ್ಕೆ ಶಿವಮೊಗ್ಗ ನೋಡಬೇಕು. 2014ರಲ್ಲಿ ಅಲ್ಲಿ ಕಾಂಗ್ರೆಸ್, ಜೆಡಿಎಸ್ ಬೇರೆ ಬೇರೆ ನಿಂತು ತಲಾ ಸುಮಾರು 2.4 ಲಕ್ಷ ಪಡೆದಿದ್ದವು. 2018ರಲ್ಲಿ ಒಟ್ಟಿಗೆ ನಿಂತಾಗ ಮಧು ಬಂಗಾರಪ್ಪ ಅವರಿಗೆ ಬಂದದ್ದು ಸುಮಾರು 4.9 ಲಕ್ಷ. ಹೆಚ್ಚುಕಡಿಮೆ ಅದೇ ಕೂಡಿಕೆ! ಬಿಜೆಪಿಯ ಬಿ.ವೈ. ರಾಘವೇಂದ್ರ 52,148 ಮತಗಳಿಂದ ಗೆದ್ದರು, ಹಿಂದಿನ ಅಂತರ ಮೂರೂವರೆ ಲಕ್ಷ ದಾಟಿತ್ತು. ಬಳ್ಳಾರಿಯಲ್ಲಿ ಜೆಡಿಎಸ್ ಬಲ ಕಡಿಮೆ, ಈ ಕೂಡಿಕೆ ಲೆಕ್ಕ ಅಲ್ಲಿ ನಡೆಯುವುದಿಲ್ಲ.

2019ರ ಸಾಲನ್ನೂ ನೋಟ್ಸ್‌ಗೆ ಸೇರಿಸಿಕೊಳ್ಳಿ. ಆರೂವರೆ ತಿಂಗಳ ನಂತರದ ಲೋಕಸಭೆ ಚುನಾವಣೆಯಲ್ಲಿ ಅದೇ ಉಗ್ರಪ್ಪ ಬಿಜೆಪಿಯ ವೈ. ದೇವೇಂದ್ರಪ್ಪ ಎದುರು 55,707 ಮತಗಳಿಂದ ಸೋತರು. ಉಗ್ರಪ್ಪ ಅವರಿಗೆ ಕಡಿಮೆಯಾದದ್ದು ಸುಮಾರು 68 ಸಾವಿರ ಮತ. ಬಿಜೆಪಿಗೆ ಹೆಚ್ಚಾದದ್ದು 2.3 ಲಕ್ಷ.