ಹನ್ನೆರಡು ಪದ ಎಲ್ಲಿ ಬಚ್ಚಿಡೋದು?

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಚಹಾ ಕುಡಿಯುತ್ತಿದ್ದಾಗ ಓಣಿಯ ಹುಡುಗನೊಬ್ಬ ಮೊಬೈಲ್ ಗ್ಯಾಲರಿ ತೆರೆದ. ಒಂದು ಹಾಳೆಯ ಫೋಟೊ. ಅದರಲ್ಲಿ ಹನ್ನೆರಡು ಇಂಗ್ಲಿಷ್ ಪದ, ಕನ್ನಡ ಲಿಪಿಯಲ್ಲಿ. "ಕಾಕಾ, ನನ್ನ ಬಿಟ್‌ಕಾಯಿನ್ ಎಲ್ಲಾ ಇದರಾಗ ಅದ" ಅಂದ. ಮೊದಲ ತಪ್ಪು ಫೋಟೊ ತೆಗೆದದ್ದು. ಎರಡನೆಯದು ನನಗೆ ತೋರಿಸಿದ್ದು. ಮೂರನೆಯದನ್ನು ಆಮೇಲೆ ಹೇಳುತ್ತೇನೆ.

ಬಿಟ್‌ಕಾಯಿನ್ ಅನ್ನುವ ಈ ಡಿಜಿಟಲ್ ಹಣ ನಿಜಕ್ಕೂ ಮೊಬೈಲ್‌ನಲ್ಲಿ ಇರುವುದಿಲ್ಲ. ಯಾರದು ಎಷ್ಟು ಅನ್ನುವ ಒಂದೇ ಲೆಕ್ಕ ಜಗತ್ತಿನ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಇರುತ್ತದೆ. ನಮ್ಮ ಕೈಯಲ್ಲಿರುವುದು ಪ್ರೈವೇಟ್ ಕೀ ಮಾತ್ರ, ಅಂದರೆ ಒಂದು ಭಾರೀ ದೊಡ್ಡ ಗುಟ್ಟಿನ ಸಂಖ್ಯೆ. ಅದು ಗೊತ್ತಿದ್ದವನೇ ಮಾಲೀಕ. ಗಂಜ್‌ನಲ್ಲಿ ತೊಗರಿ ಮಾರಿದ ಚೀಟಿ ಕಳೆದರೆ ಅಡತಿ ಸಾಹುಕಾರರು ಮುಖ ನೋಡಿ ದುಡ್ಡು ಕೊಟ್ಟಾರು. ಇಲ್ಲಿ ಮುಖ ನೋಡುವವರೇ ಇಲ್ಲ.

2009ರಲ್ಲಿ ಬಿಟ್‌ಕಾಯಿನ್ ಶುರುವಾದಾಗ ಈ ಕೀಗಳು ಕಂಪ್ಯೂಟರ್‌ನ ಯಾವುದೋ ಫೈಲ್‌ನಲ್ಲಿ ಸುಮ್ನೆ ಬಿದ್ದಿರುತ್ತಿದ್ದವು. 2013ರಲ್ಲಿ ವೇಲ್ಸ್‌ನ ನ್ಯೂಪೋರ್ಟ್‌ನಲ್ಲಿ ಜೇಮ್ಸ್ ಹೋವೆಲ್ಸ್ ಅವರ ಹಳೆ ಹಾರ್ಡ್ ಡಿಸ್ಕ್ ಕಸಕ್ಕೆ ಹೋಯಿತು. ಸುಮಾರು 8,000 ಬಿಟ್‌ಕಾಯಿನ್‌ನ ಕೀ ಅದರಲ್ಲಿತ್ತು. ಊರಿನ ಕಸದ ಗುಡ್ಡೆ ಅಗೆಯಲು ಬಿಡಿ ಅಂತ ಅವರು ಕೋರ್ಟಿಗೂ ಹೋದರು. 2025ರ ಜನವರಿಯಲ್ಲಿ ಕೇಸು ವಜಾ ಆಯಿತು.

ಈ ರಗಳೆಯೇ ಬೇಡ, ಕೀಗಳನ್ನು ಎಕ್ಸ್‌ಚೇಂಜ್‌ನವರೇ, ಅಂದರೆ ಬಿಟ್‌ಕಾಯಿನ್ ಕೊಳ್ಳುವ-ಮಾರುವ ಪೇಟೆಯವರೇ ಇಟ್ಟುಕೊಳ್ಳಲಿ ಅಂದವರು ಜಾಸ್ತಿ. ಟೋಕಿಯೊದ ಮೌಂಟ್ ಗಾಕ್ಸ್ 2014ರ ಫೆಬ್ರವರಿಯಲ್ಲಿ ಮುಳುಗಿದಾಗ ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆಯಾಗಿದ್ದವು. 2 ಲಕ್ಷ ಆಮೇಲೆ ಸಿಕ್ಕವು. ನಮ್ಮಲ್ಲಿ 2024ರ ಜುಲೈ 18ರಂದು ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಹೋಯಿತು. ಅದೂ ಒಬ್ಬರ ಕೀ ಸಾಲದು, ಹಲವರ ಸಹಿ ಬೇಕು ಅನ್ನುವಂಥ ವಾಲೆಟ್‌ನಿಂದ, ಅಂದರೆ ಕೀಗಳನ್ನು ನೋಡಿಕೊಳ್ಳುವ ವ್ಯವಸ್ಥೆಯಿಂದ!

ಹನ್ನೆರಡು ಪದಗಳ ಉಪಾಯ ಬಂದದ್ದು 2013ರಲ್ಲಿ, ಬಿಪ್ 39 ಅನ್ನುವ ನಿಯಮದಿಂದ. ಉದ್ದ ಸಂಖ್ಯೆ ಬರೆದುಕೊಳ್ಳುವಾಗ ಯಾರಾದರೂ ತಪ್ಪುತ್ತಾರೆ, ಅಲ್ವಾ? ಅದಕ್ಕೆ 2,048 ಸರಳ ಪದಗಳ ಪಟ್ಟಿ ಮಾಡಿದರು. ಅದರಿಂದ ವಾಲೆಟ್ 12 ಅಥವಾ 24 ಪದ ಎತ್ತಿಕೊಡುತ್ತದೆ. ಅದೇ ಕ್ರಮದಲ್ಲಿ ಅವನ್ನು ಹಾಕಿದರೆ ಕೀಗಳೆಲ್ಲ ಮತ್ತೆ ಹುಟ್ಟುತ್ತವೆ. 2014ರಲ್ಲಿ ಟ್ರೆಜರ್ ಬಂತು. ಕೀಯನ್ನು ಹೊರಗೆ ಬಿಡದೆ ಒಳಗೇ ವಹಿವಾಟಿಗೆ ಸಹಿ ಹಾಕುವ ಪುಟ್ಟ ಸಾಧನ ಅದು. ಅದು ಕೆಟ್ಟರೂ ಪದಗಳಿದ್ದರೆ ಸಾಕು. ಇಷ್ಟೆಲ್ಲಾ ತಂತ್ರಜ್ಞಾನ ಸುತ್ತಿ ಸುತ್ತಿ ಮತ್ತೆ ಒಂದು ಹಾಳೆಗೇ ಬಂತು ನೋಡಿ.

ಈ ಪಟ್ಟಿ ಜಪಾನಿ, ಸ್ಪ್ಯಾನಿಷ್, ಝೆಕ್ ಭಾಷೆಗಳಲ್ಲೂ ಇದೆ. ಕನ್ನಡದಲ್ಲಿಲ್ಲ, ಭಾರತದ ಯಾವ ಭಾಷೆಯಲ್ಲೂ ಇಲ್ಲ. ಮೂರನೆಯ ತಪ್ಪು ಇಲ್ಲೇ. ಹುಡುಗನ ಪದಗಳನ್ನು ನಾನು ಬರೆಯುವುದಿಲ್ಲ, ಉದಾಹರಣೆಗೆ 'ರೈಟ್' ಅಂದುಕೊಳ್ಳಿ. ಪಟ್ಟಿಯಲ್ಲಿ ಬಲಗಡೆಯ ರೈಟೂ ಇದೆ, ಬರೆಯುವ ರೈಟೂ ಇದೆ. ಕನ್ನಡದಲ್ಲಿ ಬರೆದರೆ ಯಾವುದು ಅಂತ ತಿಳಿಯೋದು?

ಫೋಟೊ ಅಳಿಸಿದರೆ ಸಾಲದು, ಬ್ಯಾಕಪ್‌ಗೆ ಹೋಗಿರಬಹುದು. ಹೊಸ ವಾಲೆಟ್ ಮಾಡಿ ಎಲ್ಲಾ ಅಲ್ಲಿಗೆ ಕಳಿಸು, ಹೊಸ ಪದಗಳನ್ನು ಇಂಗ್ಲಿಷಿನಲ್ಲೇ ಕಾಗದದ ಮೇಲೆ ಬರೆ ಅಂದೆ. ವಾರದ ಮೇಲೆ ಸಿಕ್ಕ. ಮುತ್ಯಾನ ಟ್ರಂಕಿನಲ್ಲಿ ಹೊಲದ ಪಹಣಿ ಜೊತೆ ಇಟ್ಟಿದ್ದಾನಂತೆ. "ಯಾರಿಗೂ ಹೇಳಿಲ್ಲ ಕಾಕಾ" ಅಂತ ನನಗೆ ಹೇಳಿದ.