ತೊಲ, ಸೇರು, ಮಣ: ಹೆಸರು ಒಂದೇ, ತೂಕ ಹಲವು

ಒಂದು ಮಣ ಎಂದರೆ ಎಷ್ಟು ಕಿಲೊ? ಮೊಬೈಲಿನಲ್ಲಿ ಹುಡುಕಿದರೆ ಥಟ್ಟನೆ 37.32 ಎಂಬ ಉತ್ತರ ಸಿಗುತ್ತದೆ. ಅದು ಬಂಗಾಳದ ಮಣ. ಮುಂಬೈ ಮಣ 28 ಪೌಂಡ್, ಅಂದರೆ 12.7 ಕಿಲೊ. ಮದ್ರಾಸಿನದು 25 ಪೌಂಡ್, 11.34 ಕಿಲೊ. ಧಾರವಾಡ ಮುಂಬೈ ಪ್ರಾಂತಕ್ಕೆ ಸೇರಿತ್ತು, ಬಳ್ಳಾರಿ ಮದ್ರಾಸಿಗೆ. ಕನ್ನಡದ ಹಳೆಯ ಲೆಕ್ಕಪತ್ರ ಓದುವವರಿಗೆ ಮೊಬೈಲಿನ ಉತ್ತರ ಮೂರು ಪಟ್ಟು ತಪ್ಪಾಗುವ ಸಾಧ್ಯತೆಯೇ ಹೆಚ್ಚು.

ಈ ಗೋಜಲು ಇಂದು ನಿನ್ನೆಯದಲ್ಲ. ತೂಕದ ಬುಡದಲ್ಲಿರುವುದು ಗುಲಗಂಜಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಐದು ಗುಲಗಂಜಿಗೆ ಒಂದು ಮಾಷ. ಮುಂದೆ ಅಕ್ಕಸಾಲೆಯರ ಲೆಕ್ಕದಲ್ಲಿ ಎಂಟು ಗುಲಗಂಜಿಗೆ ಒಂದು ಮಾಷ, ಹನ್ನೆರಡು ಮಾಷಕ್ಕೆ ಒಂದು ತೊಲ. ಅರ್ಥಶಾಸ್ತ್ರದಲ್ಲಿ ಇನ್ನೂ ಒಂದು ಸಂಗತಿ ಇದೆ. ಅರಸನಿಗೆ ಸಲ್ಲುವ ಆದಾಯವನ್ನು ಅಳೆಯುವ ದ್ರೋಣ ಎಂಬ ಧಾನ್ಯದ ಅಳತೆ 200 ಪಲದ್ದು (ಪಲ ಆಗಿನ ಒಂದು ತೂಕ), ವ್ಯಾಪಾರದ ದ್ರೋಣ 187½ ಪಲದ್ದು. ಕಂದಾಯ ಕಟ್ಟುವವನಿಗೆ ದೊಡ್ಡ ಅಳತೆ! ಆಮೇಲಿನ ಶತಮಾನಗಳಲ್ಲಿ ರಾಜ್ಯ ಬದಲಾದಂತೆ ತೂಕವೂ ಬದಲಾಗುತ್ತ ಬಂತು.

ನಿಜವಾದ ತೊಡಕು ಶುರುವಾದದ್ದು ಎಲ್ಲವನ್ನೂ ಸರಿಪಡಿಸಲು ಹೊರಟಾಗ. 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಬೆಳ್ಳಿ ರೂಪಾಯಿಯ ತೂಕವನ್ನೇ ತೊಲ ಎಂದು ಗೊತ್ತು ಮಾಡಿತು: 180 ಗ್ರೇನ್ (ಇಂಗ್ಲಿಷರ ಒಂದು ಸಣ್ಣ ತೂಕ), ಇಂದಿನ 11.66 ಗ್ರಾಂ. 80 ತೊಲಕ್ಕೆ ಸೇರು, 40 ಸೇರಿಗೆ ಮಣ. ಹೀಗೆ ಲೆಕ್ಕ ಹಾಕಿದರೆ ಒಂದು ಮಣ ಸರಿಯಾಗಿ 100 ಟ್ರಾಯ್ ಪೌಂಡ್, ಅಂದರೆ ಚಿನ್ನ ಬೆಳ್ಳಿ ತೂಗುವ ಇಂಗ್ಲಿಷ್ ಪೌಂಡ್, ಆಗುತ್ತದೆ. ಟಂಕಸಾಲೆಗೆ ಇದರಿಂದ ಅನುಕೂಲವಾಯಿತು. ಸಂತೆಯಲ್ಲಿ ಕೂತವರನ್ನು ಕೇಳಿ ಮಾಡಿದ ಲೆಕ್ಕ ಇದಲ್ಲ.

ದಕ್ಷಿಣದ ಲೆಕ್ಕ ಬೇರೆಯೇ ಇತ್ತು. ಮದ್ರಾಸಿನಲ್ಲಿ ಮೂರು ತೊಲಕ್ಕೆ ಒಂದು ಪಲ, ಎಂಟು ಪಲಕ್ಕೆ ಸೇರು, ಐದು ಸೇರಿಗೆ ವೀಸೆ, ಎಂಟು ವೀಸೆಗೆ ಮಣ, ಇಪ್ಪತ್ತು ಮಣಕ್ಕೆ ಖಂಡಿ. ಅಂದರೆ ಬಂಗಾಳದ ಸೇರು 80 ತೊಲ, ಇಲ್ಲಿಯದು ಬರೀ 24. ಈ ಸರಪಳಿಯನ್ನೇ ಹಿಡಿದು ಗುಣಿಸಿ ನೋಡಿ: ಮಣಕ್ಕೆ 960 ತೊಲ, ಸುಮಾರು 11.2 ಕಿಲೊ. ಆದರೆ ವರ್ತಕರ ಲೆಕ್ಕದಲ್ಲಿ ಅದೇ ಮಣ 25 ಪೌಂಡ್. ಮಣವೊಂದಕ್ಕೆ 140 ಗ್ರಾಂ ಚಿಲ್ಲರೆ ಅಂತರ. ಖಂಡಿಗೆ ಬರುವಷ್ಟರಲ್ಲಿ ಅದು ಮೂರು ಕಿಲೊ ಹತ್ತಿರ. ಯಾವ ಮಣ ಎಂದು ಮೊದಲೇ ಮಾತಾಗಿರದಿದ್ದರೆ ಅಷ್ಟು ಸರಕು ಯಾರದೋ ಕೈತಪ್ಪಿತೆಂದೇ ಅರ್ಥ. ಸಾಮಾನ್ಯವಾಗಿ ಹಾಗೆ ಕಳೆದುಕೊಳ್ಳುವವರು ತಕ್ಕಡಿಯ ಒಡೆಯರಲ್ಲ.

ಇದರ ಮೇಲೆ ಇನ್ನೊಂದು ಪದರ. ನಮ್ಮಲ್ಲಿ ಸೇರು ತೂಕವೂ ಹೌದು, ಧಾನ್ಯ ಅಳೆಯುವ ಪಾತ್ರೆಯೂ ಹೌದು. ಪಾವು, ಕೊಳಗ, ಖಂಡುಗ ಅಳತೆಗಳೇ ಹೊರತು ತೂಕಗಳಲ್ಲ. ಒಂದೇ ಕೊಳಗದಲ್ಲಿ ರಾಗಿ ತುಂಬಿದರೆ ಒಂದು ತೂಕ, ಭತ್ತ ತುಂಬಿದರೆ ಇನ್ನೊಂದು. ರಾಶಿ ಏರಿಸಿ ಅಳೆದರೆ ಒಂದು, ಮಟ್ಟ ಸವರಿ ಅಳೆದರೆ ಮತ್ತೊಂದು. ಆದ್ದರಿಂದ ‘ಒಂದು ಖಂಡುಗಕ್ಕೆ ಇಷ್ಟು ಕಿಲೊ’ ಎಂದು ಒಂದೇ ಅಂಕಿ ಕೊಡುವ ಪಟ್ಟಿಯನ್ನು ನಂಬುವಂತಿಲ್ಲ. ಯಾವ ಊರು, ಯಾವ ಧಾನ್ಯ, ಯಾವ ಕಾಲ ಎಂಬ ಮೂರೂ ಗೊತ್ತಿರಬೇಕು.

1939ರ ತೂಕಗಳ ಕಾಯ್ದೆ ಬಂಗಾಳದ ತೂಕಗಳಿಗೇ ಮತ್ತೆ ಮುದ್ರೆ ಒತ್ತಿತು. ಜಾರಿಗೆ ಬಂದದ್ದು 1942ರಲ್ಲಿ. ಸ್ವಾತಂತ್ರ್ಯದ ನಂತರ ದೇಶ ದಶಮಾನ ಪದ್ಧತಿಯತ್ತ ಹೊರಳಿತು. 1956ರ ನವೆಂಬರ್ 1ರಂದು ಮೈಸೂರು, ಕೊಡಗು ಮತ್ತು ಮುಂಬೈ, ಹೈದರಾಬಾದ್, ಮದ್ರಾಸಿನ ಕನ್ನಡ ಭಾಗಗಳು ಒಂದು ರಾಜ್ಯವಾದವು. ಎರಡು ತಿಂಗಳು ತುಂಬುವ ಮೊದಲೇ ಮೆಟ್ರಿಕ್ ತೂಕದ ಕಾಯ್ದೆ ಬಂತು. 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೊ ಬಂದು, 1962ರ ಹೊತ್ತಿಗೆ ಕಡ್ಡಾಯವಾಯಿತು. ಬದಲಾವಣೆ ಬೇಕಾಗಿಯೇ ಇತ್ತು, ಅದರಿಂದ ಬಡವರಿಗೆ ಅನುಕೂಲವೂ ಆಯಿತು. ಆದರೆ ಐದು ಕಡೆಯ ಹಳೆಯ ತೂಕಗಳನ್ನು ಊರುವಾರು ಹೊಂದಿಸಿದ ಪಟ್ಟಿ ಜನರ ಕೈಗೆ ಸುಲಭವಾಗಿ ಸಿಗುವಂತೆ ಉಳಿಯಲಿಲ್ಲ. ಇಂದಿನ ಗೊಂದಲದ ಬಹುಪಾಲು ಹುಟ್ಟಿದ್ದು ಅಲ್ಲಿ.

2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ಮೆಟ್ರಿಕ್ ಅಲ್ಲದ ತೂಕದಲ್ಲಿ ದರ ಹೇಳುವಂತಿಲ್ಲ. ಆದರೂ ಹತ್ತಿಯ ದರ ಇಂದಿಗೂ ಖಂಡಿಯ ಲೆಕ್ಕದಲ್ಲಿದೆ. ಆ ಖಂಡಿ ಸುಮಾರು 356 ಕಿಲೊ; ಮುಂಬೈಯ 28 ಪೌಂಡ್ ಮಣ ಇಪ್ಪತ್ತಲ್ಲ, ಇಪ್ಪತ್ತೆಂಟು ಕೂಡಿ ಆದದ್ದು. ಆಯುರ್ವೇದದ ಅಧಿಕೃತ ಯೋಗಸಂಗ್ರಹದಲ್ಲಿ ತೊಲಕ್ಕೆ 12 ಗ್ರಾಂ ಹಿಡಿದಿದ್ದಾರೆ. ಎಲ್ಲ ಮೂಲಿಕೆಗೂ ಒಂದೇ ತೊಲ ಹಿಡಿದರೆ ಔಷಧಿಯ ಪ್ರಮಾಣ ಕೆಡುವುದಿಲ್ಲ, ನಡುವೆ ಬೇರೆ ತೊಲ ಬೆರೆತರೆ ಕೆಡುತ್ತದೆ.

ಚಿನ್ನದಂಗಡಿಗಳಲ್ಲಿ ಈಗ ತೊಲ ಎಂದರೆ ಅನೇಕ ಕಡೆ 10 ಗ್ರಾಂ. ಹತ್ತು ತೊಲದ ಚಿನ್ನದ ಗಟ್ಟಿ ಮಾತ್ರ ಹಳೆಯ ಲೆಕ್ಕದಂತೆ 116.64 ಗ್ರಾಂ ತೂಗುತ್ತದೆ. 1950ರ ಪಾಲುಪಟ್ಟಿಯೊಂದರಲ್ಲಿ ‘ಹತ್ತು ತೊಲ ಬಂಗಾರ’ ಎಂದಿದ್ದು, ಇಂದು ಅದನ್ನು ನೂರು ಗ್ರಾಂ ಎಂದು ಓದಿದರೆ, ಯಾರೂ ಕದಿಯದೆಯೇ 16 ಗ್ರಾಂಗಿಂತ ಹೆಚ್ಚು ಚಿನ್ನ ಹಕ್ಕುದಾರರ ಲೆಕ್ಕದಿಂದ ಬಿಟ್ಟುಹೋಗುತ್ತದೆ.