ಮೇಘಾಲಯದ ಕಲ್ಲಿದ್ದಲು ಗಣಿಯಲ್ಲಿ ತೆವಳಿಕೊಂಡೇ ಯಾಕೆ ಹೋಗಬೇಕು?

ಪ್ರಶ್ನೆ: ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ ಸಿಕ್ಕಿಬಿದ್ದ 41 ಮಂದಿಯನ್ನು ‘ಇಲಿ ಬಿಲ’ದ ಕೆಲಸಗಾರರು ಹೊರತಂದರಲ್ಲ, ಮೇಘಾಲಯದಲ್ಲಿ ಕಲ್ಲಿದ್ದಲು ತೆಗೆಯುವುದೂ ಹಾಗೇ ಅಂತೆ. ಈ ಕಾಲದಲ್ಲೂ ಯಾಕೆ? ಯಂತ್ರ ಇಳಿಸಬಾರದಾ?

ಉತ್ತರ: 2023ರಲ್ಲಿ ಸಿಲ್ಕ್ಯಾರಾಕ್ಕೆ ಹೋದವರು ಕಲ್ಲಿದ್ದಲು ಗಣಿಯವರಲ್ಲ. ನಗರಗಳಲ್ಲಿ ನೆಲದಡಿ ಪೈಪು ಹಾಕಲು ಕೈಯಿಂದ ಅಗೆಯುವವರು. ಹೆಸರು ಮಾತ್ರ ಮೇಘಾಲಯದ ಗಣಿಯದು.

ಇನ್ನು ಯಂತ್ರದ ಮಾತು. ಮಧ್ಯಪ್ರದೇಶದ ಸಿಂಗ್ರೌಲಿಯಲ್ಲಿ ಝಿಂಗುರ್ದಾ ಎಂಬ ಕಲ್ಲಿದ್ದಲು ಪದರ 130 ಮೀಟರಿಗೂ ದಪ್ಪ. ಮೇಲಿನ ಮಣ್ಣು, ಬಂಡೆ ಸರಿಸಿದರೆ ಲಾರಿ ಸೀದಾ ಒಳಗೆ ಇಳಿಯುತ್ತದೆ. ಮೇಘಾಲಯದ ಜೈಂತಿಯಾ ಬೆಟ್ಟಗಳಲ್ಲಿ ಪದರ ಹೆಚ್ಚಿನ ಕಡೆ ಒಂದು ಮೀಟರೂ ಇರುವುದಿಲ್ಲ. ಹಾಗಾಗಿ ಮೊದಲು ನೆಟ್ಟಗೆ ಬಾವಿ ತೋಡುತ್ತಾರೆ. ಕಲ್ಲಿದ್ದಲು ಸಿಕ್ಕ ಮೇಲೆ ಅಡ್ಡಕ್ಕೆ ಬಿಲ ಕೊರೆಯುತ್ತಾರೆ. ಪದರ ಎಷ್ಟು ಎತ್ತರವೋ ಬಿಲವೂ ಹೆಚ್ಚುಕಡಿಮೆ ಅಷ್ಟೇ. ನಿಂತು ಕೆಲಸ ಮಾಡಬೇಕೆಂದರೆ ಬಂಡೆಯನ್ನೂ ಕಡಿಯಬೇಕು. ಬಂಡೆಗೆ ದುಡ್ಡು ಕೊಡುವವರು ಯಾರು? ಅದಕ್ಕೇ ಮನುಷ್ಯನೇ ಬಗ್ಗಬೇಕು, ಗುದ್ದಲಿ ಹಿಡಿದು ಮಲಗಿಕೊಂಡೇ ಕಡಿಯಬೇಕು.

ತೆಳು ಪದರವಾದರೂ ದೊಡ್ಡ ಕಂಪನಿ ಬಂದು ಕ್ರಮವಾಗಿ ತೆಗೆಯಬಹುದಿತ್ತು, ಅಲ್ವಾ? ಇಲ್ಲಿ ಜಮೀನಿನ ಕಥೆ ಬರುತ್ತದೆ. ದೇಶದ ಬೇರೆ ಕಡೆ 1970ರ ದಶಕದಲ್ಲಿ ಕಲ್ಲಿದ್ದಲು ಗಣಿಗಳು ಸರ್ಕಾರದ ಕೈಗೆ ಹೋದವು. ಬುಡಕಟ್ಟು ಪ್ರದೇಶಗಳಿಗೆ ಪ್ರತ್ಯೇಕ ಆಡಳಿತ ಕೊಡುವ ಸಂವಿಧಾನದ ಆರನೇ ಅನುಸೂಚಿಗೆ ಸೇರಿದ ಈ ಬೆಟ್ಟಗಳಲ್ಲಿ ನೆಲ ಮನೆತನಗಳದ್ದು, ಬುಡಕಟ್ಟಿನವರದ್ದು. ಕೆಳಗಿನ ಕಲ್ಲಿದ್ದಲೂ ಅವರದೇ. ಹೀಗಾಗಿ ತುಂಡು ತುಂಡು ಜಾಗದಲ್ಲಿ ಅವರವರದೇ ಬಾವಿ. ಪಕ್ಕದವರ ಬಿಲ ಎಲ್ಲಿವರೆಗೆ ಬಂದಿದೆ ಎಂದು ತೋರಿಸುವ ನಕ್ಷೆ ಇಲ್ಲ. ಯಂತ್ರ ಇಲ್ಲದ್ದಕ್ಕಿಂತ ಇದೇ ಜಾಸ್ತಿ ಭಯ ಹುಟ್ಟಿಸುತ್ತದೆ. 2018ರ ಡಿಸೆಂಬರ್‌ನಲ್ಲಿ ಕ್ಸಾನ್ ಎಂಬಲ್ಲಿ, ಲಿಟೈನ್ ನದಿಯ ಹತ್ತಿರ, ಸುಮಾರು 370 ಅಡಿ ಆಳದ ಗಣಿಗೆ ನೀರು ನುಗ್ಗಿ 15 ಮಂದಿ ಒಳಗೇ ಉಳಿದರು. ನೌಕಾಪಡೆಯ ಮುಳುಗುಗಾರರೇ ಬರಬೇಕಾಯಿತು. ಅದಕ್ಕೂ ನಾಲ್ಕು ವರ್ಷ ಮೊದಲೇ, 2014ರ ಏಪ್ರಿಲ್‌ನಲ್ಲಿ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇಂಥ ಗಣಿಗಳನ್ನು ನಿಷೇಧಿಸಿತ್ತು! ನೆಲದೊಡೆಯರಿಗೆ ಹಕ್ಕಿದ್ದರೂ ಗಣಿ ಕಾನೂನಿನಂತೆ ಗುತ್ತಿಗೆ, ಅನುಮತಿ ಇಲ್ಲದೆ ತೆಗೆಯುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಈ ಕಲ್ಲಿದ್ದಲಿನ ಗುಣವೂ ಬೇರೆ. ಜಾರ್ಖಂಡ್‌ನ ಝರಿಯಾದ್ದು 25 ಕೋಟಿ ವರ್ಷಕ್ಕೂ ಹಳೆಯದು, ಗಂಧಕ ತೀರಾ ಕಡಿಮೆ. ಜೈಂತಿಯಾದ್ದು ಐದಾರು ಕೋಟಿ ವರ್ಷದ್ದು. ಅದು ಕಡಲಂಚಿನ ಜೌಗಿನಲ್ಲಿ ಆದದ್ದು. ಉಪ್ಪುನೀರಿನ ಗಂಧಕ, ಬ್ಯಾಕ್ಟೀರಿಯಾಗಳ ಕೆಲಸದಿಂದ, ಕೊಳೆಯುತ್ತಿದ್ದ ಗಿಡಮರದೊಳಗೆ ಸೇರಿಕೊಂಡಿತು. ಒಂದಿಷ್ಟು ಕಬ್ಬಿಣದ ಜೊತೆ ಕೂಡಿ ಪೈರೈಟ್ ಆಯಿತು. ಚಿನ್ನದಂತೆ ಹೊಳೆಯುವ ಕಲ್ಲು ಅದು. ನೆಲದಡಿ ಮುಚ್ಚಿಕೊಂಡಿದ್ದರೆ ಅದರ ಪಾಡಿಗೆ ಅದು. ಬಿಲ ತೋಡಿ ಗಾಳಿ, ನೀರು ತಾಗಿಸಿದರೆ ಗಂಧಕದ ಆಮ್ಲ ಬಿಡುತ್ತದೆ. ಮಳೆಗೆ ಹೆಸರಾದ ಸೀಮೆ ಬೇರೆ. ನೀರಿಗೇನು ಬರ? ಹಳ್ಳಗಳು ತುಕ್ಕು ಬಣ್ಣಕ್ಕೆ ತಿರುಗಿ ಮೀನು ಸತ್ತದ್ದು ಹೀಗೆ. ಗಣಿ ನಿಲ್ಲಿಸಿದ ಕೂಡಲೇ ಇದು ನಿಲ್ಲುವುದಿಲ್ಲ. ಬಾಯಿ ತೆರೆದುಕೊಂಡೇ ಬಿದ್ದಿರುವ ಹಳೇ ಬಾವಿಗಳಿಗೆ ಪ್ರತಿ ಮಳೆಗಾಲ ಹೊಸ ನೀರು ಇಳಿಯುತ್ತದೆ, ಹುಳಿಯಾಗಿ ಹಳ್ಳಕ್ಕೆ ಸೇರುತ್ತದೆ.